ಸೈರಾಟ್: ಇಂಟರ್ವಲ್ ಆಚೆಗಿನ ಹೈದರಾಬಾದ್

ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಸೈರಾಟ್’ 2016ರ ಏಪ್ರಿಲ್ 29ರಂದು ತೆರೆಗೆ ಬಂತು. ಅದರ ಬಗೆಗಿನ ಎರಡು ತೀರ್ಪುಗಳು ಅಂದಿನಿಂದ ಅಲುಗಾಡಿಲ್ಲ. ಥಿಯೇಟರಿನಿಂದ ಹೊರಬಂದವರದು ಒಂದು: ಇಂಟರ್ವಲ್ ತನಕ ಮಸ್ತ್ ಅದ, ಮುಂದ ಭಾಳ ಎಳದಾರ. ಬರೆಯುವವರದು ಇನ್ನೊಂದು: ಕೊನೆಯ ಕೆಲವು ನಿಮಿಷಗಳ ಆ ಮೌನವೇ ಚಿತ್ರದ ಸಿದ್ಧಿ. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಆದರೆ ಇಬ್ಬರೂ ಸೇರಿ ನಡುವಿನ ಒಂದು ದೊಡ್ಡ ಭಾಗವನ್ನು, ಅಂದರೆ ಓಡಿಹೋದ ಆರ್ಚಿ–ಪರ್ಶ್ಯಾ ಜೋಡಿ ಹೈದರಾಬಾದಿನಲ್ಲಿ ಬದುಕು ಕಟ್ಟುವ ಭಾಗವನ್ನು, ಹಾರಿಸಿಬಿಟ್ಟಿದ್ದಾರೆ. ಮೊದಲ ತೀರ್ಪನ್ನು ಸಿನಿಮಾಪ್ರಿಯರ ಹಗುರ ಮಾತು ಎಂದು ಬಿಟ್ಟುಬಿಡಬಹುದು, ಅದರಲ್ಲಿ ಪ್ರಾಮಾಣಿಕತೆಯಾದರೂ ಇದೆ. ಎರಡನೆಯದು ಪಾಂಡಿತ್ಯದ ವೇಷ ಹಾಕಿರುವುದರಿಂದ ಹೆಚ್ಚು ಹಾನಿ ಮಾಡಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ಹಿಂದಿ ಆಡುವ, ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಪ್ರೇಕ್ಷಕರ ಕಡೆಯಿಂದ ನೋಡಿದರೆ, ಚಿತ್ರದ ಜೀವ ಇರುವುದೇ ಆ ಹಾರಿಸಿದ ಭಾಗದಲ್ಲಿ.

ಮೊದಲರ್ಧದ ಆರ್ಚಿಯನ್ನು ನೆನೆಯಿರಿ. ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ನಡೆಸುತ್ತಾಳೆ. ಎದುರಾದವನನ್ನು, ಮರಾಠಿಯಲ್ಲಿ ಹೇಳಿದರೆ ತಿಳಿಯುವುದಿಲ್ಲವೇ, ಇಂಗ್ಲಿಷಿನಲ್ಲಿ ಹೇಳಬೇಕೇ ಎಂದು ಗದರುತ್ತಾಳೆ. ಸಭಾಂಗಣ ಶಿಳ್ಳೆ ಹೊಡೆದದ್ದು ಈ ಮಾತಿಗೆ. ಇದನ್ನು ಹೆಣ್ಣಿನ ದಿಟ್ಟತನ ಎಂದು ಹೊಗಳಿದವರು ಅದು ಪಾಟೀಲರ ಮಗಳ ಮಾತು ಎಂಬುದನ್ನು ಗಮನಿಸಲಿಲ್ಲ. ಅವಳ ಸಹೋದರ ಪ್ರಿನ್ಸ್ ಕ್ಲಾಸಿನಲ್ಲೇ ಮೇಷ್ಟರ ಕೆನ್ನೆಗೆ ಹೊಡೆಯುವುದಕ್ಕೂ ಇವಳು ಗದರುವುದಕ್ಕೂ ಬೆನ್ನಿಗಿರುವ ಬಲ ಒಂದೇ: ಅಪ್ಪನ ಜಮೀನು, ಅಪ್ಪನ ರಾಜಕೀಯ. ಹೈದರಾಬಾದಿನಲ್ಲಿ ಇಳಿದ ಕೂಡಲೇ ಆ ಬಲ ಹೋಗುತ್ತದೆ, ಅದರೊಂದಿಗೆ ಭಾಷೆಯೂ. ರಾತ್ರಿ ಅಡ್ಡಗಟ್ಟಿದ ಗಂಡಸರ ಮುಂದೆ ಅವಳ ಮರಾಠಿಗೆ ಬೆಲೆ ಇಲ್ಲ. ಕಾಪಾಡಲು ದೋಸೆ ಅಂಗಡಿಯ ಸುಮನ್ ಅಕ್ಕ ಬರಬೇಕು. ಆಮೇಲೆ ಅವಳು ಬಾಟಲಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಜೊತೆಯವರಿಂದ ಒಂದೊಂದೇ ತೆಲುಗು ಮಾತು ಕಲಿಯುತ್ತಾಳೆ. ಆಜ್ಞೆ ಮಾಡಿ ಗೊತ್ತಿದ್ದ ಬಾಯಿ ಕೇಳಿ ಕಲಿಯುವ ಬಾಯಿ ಆಗುವುದನ್ನು ಮಂಜುಳೆ ಯಾವ ಭಾಷಣವೂ ಇಲ್ಲದೆ ತೋರಿಸಿದ್ದಾರೆ. ಕಷ್ಟಪಟ್ಟು ತಾನೇ ಗಳಿಸಿದ ಈ ಹೊಸ ಮಾತೇ ಅವಳಿಗೆ ಮೊದಲ ಸ್ವಂತ ಆಸ್ತಿ. ಅವಳು ಫೋನಿನಲ್ಲಿ ಜೊತೆಗೆಲಸದವನೊಡನೆ ಆಡಿದರೆ ಪರ್ಶ್ಯಾನಿಗೆ ಸಂಶಯ ಹುಟ್ಟುವುದೂ ಇದಕ್ಕೇ. ಪ್ರೇಮಕ್ಕಾಗಿ ಜಾತಿಯ ಏಟು ತಿಂದ ಹುಡುಗ ಇಲ್ಲಿ ಗಂಡನಾಗಿ ಕೈ ಎತ್ತುತ್ತಾನೆ. ಇಂಥ ದೃಶ್ಯ ‘ಎಳೆದದ್ದು’ ಎಂದು ಅನ್ನಿಸುವುದಾದರೆ, ಸಂಸಾರ ಎಂಬುದೇ ಎಳೆದದ್ದು.

ಅಜಯ್–ಅತುಲ್ ಅವರ ನಾಲ್ಕೂ ಹಾಡುಗಳು ಮೊದಲರ್ಧದಲ್ಲೇ ಮುಗಿಯುತ್ತವೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ‘ಝಿಂಗಾಟ್’ ಕೇಳಿ ಕುಣಿದವರಿಗೆ ಮುಂದೆ ಹಾಡೇ ಸಿಗುವುದಿಲ್ಲ. ಕೊನೆಯ ಮೌನ ಆಕಾಶದಿಂದ ಉದುರಿದ್ದಲ್ಲ. ಹಾಡು ಹೋಯಿತು, ಹೊಲ ಹೋಯಿತು, ಗೆಳೆಯರು ಹೋದರು, ಕಡೆಗೆ ಶಬ್ದವೂ ಹೋಯಿತು. ಹೀಗೆ ಒಂದೊಂದಾಗಿ ಕಳೆಯುತ್ತ ಬಂದ ಲೆಕ್ಕದ ಕೊನೆಯ ಸಾಲು ಅದು. ಕೊನೆಯನ್ನಷ್ಟೇ ಕಿತ್ತು ಹೊಗಳುವವರು ಆಘಾತವನ್ನು ಕಲೆ ಎಂದು ತಿಳಿದಿದ್ದಾರೆ. ಈ ಸೀಮೆಯವರಿಗೆ ಅದು ಅಂಥ ಆಘಾತವೂ ಅಲ್ಲ. ಬಸವಕಲ್ಯಾಣ ಉಮರ್ಗಾಕ್ಕೆ ದೂರವೇನಿಲ್ಲ. ಅಲ್ಲಿಯ ಶರಣರಾದ ಹರಳಯ್ಯ, ಮಧುವರಸರು ಜಾತಿ ಮೀರಿ ಬೀಗರಾದ ತಪ್ಪಿಗೆ ಏನಾಯಿತೆಂಬ ಕಥೆ ಕೇಳಿ ಬೆಳೆದವರು ಪ್ರಿನ್ಸ್ ಉಡುಗೊರೆ ಹಿಡಿದು ಬಾಗಿಲಲ್ಲಿ ನಿಂತಾಗಲೇ ಮುಂದಿನದನ್ನು ಊಹಿಸಿರುತ್ತಾರೆ.

ಮಂಜುಳೆಯವರ ಹಿಂದಿನ ಚಿತ್ರ ‘ಫಂಡ್ರಿ’ಯನ್ನು ಮೆಚ್ಚಿದ ಗುಂಪಿನ ತಕರಾರು ಇದಕ್ಕಿಂತ ಗಂಭೀರ. 2013ರ ಆ ಚಿತ್ರದ ಕೊನೆಯಲ್ಲಿ ಹುಡುಗ ನಮ್ಮ ಮೇಲೇ ಕಲ್ಲು ಬೀಸುತ್ತಾನೆ. ಅಷ್ಟು ನೇರವಾಗಿದ್ದ ನಿರ್ದೇಶಕ ‘ಸೈರಾಟ್’ನಲ್ಲಿ ಬಾಕ್ಸಾಫೀಸಿಗೆ ಶರಣಾದ, ಸ್ಲೋ ಮೋಷನ್ನಿಗೆ ಮಾರಿಕೊಂಡ ಎಂಬುದು ಅವರ ಅಳಲು. ಚಲನಚಿತ್ರೋತ್ಸವದ ಶುದ್ಧಾಚಾರ ಇದು, ಒಂಥರಾ ಮಡಿ. ‘ಫಂಡ್ರಿ’ಯ ಕಲ್ಲು ಬಿದ್ದದ್ದು ಹೆಚ್ಚಾಗಿ ಆಗಲೇ ಒಪ್ಪಿದವರ ಮೇಲೆ. ‘ಸೈರಾಟ್’ ಸಿನಿಮಾದ ಹುಚ್ಚಿರುವ ಹುಡುಗರನ್ನು, ಪಾಟೀಲರ ಮನೆಯವರನ್ನೂ ಸೇರಿಸಿ, ಒಂದೇ ಸಾಲಿನಲ್ಲಿ ಕೂರಿಸಿ ಕುಣಿಸಿತು. ಆಮೇಲೆ ಹೈದರಾಬಾದಿನ ಜೋಪಡಿಯಲ್ಲಿ, ಸಾರ್ವಜನಿಕ ಕಕ್ಕಸಿನ ನಾತದಲ್ಲಿ ಅವರನ್ನು ಸುಮ್ಮನೆ ಕೂರಿಸಿತು. ಕುಣಿಸದೆ ಹೀಗೆ ಕೂರಿಸಲಾಗದು. ದೋಷಗಳಿಲ್ಲವೆಂದಲ್ಲ. ಆರ್ಚಿ ರೈಲಿನಲ್ಲಿ, ಪರ್ಶ್ಯಾ ಕುಣಿಕೆಯ ಕೆಳಗೆ, ಸಿಗುತ್ತಾಳೋ ಇಲ್ಲವೋ ಎಂಬ ಕುತೂಹಲ ಹಳೆಯ ಕಂಪನಿ ನಾಟಕದ ತಂತ್ರ. ಸುಮನ್ ಅಕ್ಕನ ಒಳ್ಳೆಯತನವೂ ಬೇಕಾದ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಇನ್ನೂ ಒಂದು ಕೊರತೆ ಗಡಿಯಿಂದ ನೋಡಿದರಷ್ಟೇ ಕಾಣುವಂಥದ್ದು. ಮಂಜುಳೆಯವರ ಕರಮಾಳಾ ಸೊಲ್ಲಾಪುರ ಜಿಲ್ಲೆಯದು, ಹಳೆಯ ಮುಂಬಯಿ ಪ್ರಾಂತ. ಅಲ್ಲಿಯವರಿಗೆ ಹೈದರಾಬಾದ್ ಪರದೇಶವೇ. ಉಮರ್ಗಾಕ್ಕೆ 1956ರ ತನಕ ಅದೇ ರಾಜಧಾನಿ. ಉದಗೀರ, ನಿಲಂಗಾಗಳಂತೂ ಆಗ ಬೀದರ ಜಿಲ್ಲೆಯವೇ ಆಗಿದ್ದವು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಇಂದಿಗೂ ಉಮರ್ಗಾವನ್ನು ಹಾದೇ ಹೋಗುತ್ತದೆ. ಊರು ಬಿಟ್ಟು ಪರಭಾಷೆಗೆ ಬೀಳುವ ನಡುವೆ ಭಾಷೆಗಳು ಬೆರೆತ ಇಂಥದೊಂದು ಸೀಮೆ ಇದೆಯೆಂಬ ಸುಳಿವು ಚಿತ್ರಕ್ಕಿಲ್ಲ. ಇತ್ತ ಮರಾಠಿ ಅತ್ತ ತೆಲುಗು, ನಡುವೆ ಒಂದು ರೈಲು, ಅಷ್ಟೇ.

ರೀಮೇಕುಗಳ ವಿಚಾರಕ್ಕೆ ಹೆಚ್ಚು ಮಾತು ದಂಡ. ಹಿಂದಿಯ ‘ಧಡಕ್’ (2018) ಉದಯಪುರದ ಅರಮನೆಗಳ ನಡುವೆ ಜಾತಿಯನ್ನು ಮಸುಕು ಮಾಡಿ, ಹುಡುಗಿಯನ್ನು ಬದುಕಿಸಿ, ಕೊನೆಗೆ ಆಘಾತವನ್ನಷ್ಟೇ ಇಟ್ಟುಕೊಂಡಿತು. ಎಸ್. ನಾರಾಯಣ್ ನಿರ್ದೇಶನದ ‘ಮನಸು ಮಲ್ಲಿಗೆ’ (2017) ಅವೇ ರಾಗಗಳನ್ನು, ಆರ್ಚಿಯ ಪಾತ್ರ ಮಾಡಿದ ಅದೇ ರಿಂಕು ರಾಜಗುರುವನ್ನು ಕನ್ನಡಕ್ಕೆ ತಂದಿತು. ಮರಾಠಿಯನ್ನು ಮರಾಠಿಯಲ್ಲೇ ಕೇಳಿಸಿಕೊಳ್ಳಬಲ್ಲ ಗಡಿಯ ಕನ್ನಡಿಗನಿಗೆ ಅದರ ಅಗತ್ಯವೇ ಇರಲಿಲ್ಲ.