ಯೇಸು, ಯೆಹೋಶುವ: ಕನ್ನಡ ಸತ್ಯವೇದದಲ್ಲಿ ಅಗಲಿದ ಒಂದು ಹೆಸರು

ವೈಟ್‌ಫೀಲ್ಡಿನ ಕನ್ನಡ ಆರಾಧನೆಗಳಲ್ಲಿ ಇಂದು ಸತ್ಯವೇದವನ್ನು ತೆರೆದಿಟ್ಟುಕೊಂಡ ಹಿರಿಯರ ಪಕ್ಕದಲ್ಲೇ ಮೊಬೈಲಿನಲ್ಲಿ ಕಿಂಗ್ ಜೇಮ್ಸ್ ಭಾಷಾಂತರವನ್ನು ನೋಡುವ ಐಟಿ ಉದ್ಯೋಗಿಯೂ ಕುಳಿತಿರಬಹುದು. ಇಬ್ರಿಯರಿಗೆ ಬರೆದ ಪತ್ರಿಕೆಯ 4:8ನ್ನು ಓದಿದಾಗ ಅವನ ಕಿವಿಗೆ ಬೀಳುವುದು ‘ಯೆಹೋಶುವ’, ಕಣ್ಣಿಗೆ ಕಾಣುವುದು ‘ಜೀಸಸ್’. ಯಾವುದು ತಪ್ಪು? ಹೆಸರಿನ ಮಟ್ಟಿಗೆ ಎರಡೂ ಅಲ್ಲ. ಗ್ರೀಕ್ ಮೂಲದ ‘ಯೇಸೂಸ್’ ನೂನನ ಮಗನಿಗೂ ಮರಿಯಳ ಮಗನಿಗೂ ಸಲ್ಲುವ ಹೆಸರು.

‘ಯೆಹೋವನೇ ರಕ್ಷಣೆ’ ಎಂಬರ್ಥದ ‘ಯೆಹೋಶುವ’ ಸೆರೆವಾಸದ ನಂತರ ‘ಯೇಶೂವ’ ಎಂದು ಕಿರಿದಾಯಿತು. ನೆಹೆಮೀಯ 8:17ರ ಇಬ್ರಿಯ ಪಾಠವು ನೂನನ ಮಗನನ್ನೇ ಹಾಗೆ ಕರೆಯುತ್ತದೆ. ಗ್ರೀಕಿನಲ್ಲಿ ಶಕಾರವಿಲ್ಲ, ಆದುದರಿಂದ ಸಕಾರ ಬಂತು, ಕೊನೆಗೆ ಪ್ರಥಮಾ ವಿಭಕ್ತಿಯ ‘ಸ್’ ಸೇರಿತು. ಸೆಪ್ಟುಅಜಿಂಟಿನಲ್ಲಿ ಯೆಹೋಶುವನ ಗ್ರಂಥದ ಶೀರ್ಷಿಕೆಯೇ ‘ಯೇಸೂಸ್’. ಕನ್ನಡಕ್ಕಾದರೋ ಶಕಾರದ ಕೊರತೆಯಿಲ್ಲ. ಆದರೂ ನಾವು ‘ಯೇಸು’ ಎನ್ನುತ್ತೇವೆ, ಏಕೆಂದರೆ ಈ ಹೆಸರು ನಮ್ಮಲ್ಲಿಗೆ ಗ್ರೀಕಿನ ದಾರಿಯಿಂದ ಬಂದಿತು. ‘ಯೆಹೋಶುವ’ ಇಬ್ರಿಯದ ದಾರಿಯಿಂದ. ಅರಣ್ಯಕಾಂಡ 13:16ರಲ್ಲಿ ಮೋಶೆಯು ಹೋಶೇಯನಿಗೆ ಇಟ್ಟ ಹೆಸರನ್ನೇ ಮತ್ತಾಯ 1:21ರಲ್ಲಿ ದೂತನು ಶಿಶುವಿಗೆ ಇಡಹೇಳುತ್ತಾನೆ. ಗ್ರೀಕ್ ಓದುಗನಿಗೆ ಕೇಳಿಸುತ್ತಿದ್ದ ಈ ಸಾಮ್ಯ ನಮ್ಮ ಸಭೆಗೆ ಕೇಳಿಸದು.

‘ಯಾಕೋಬ’ನ ವಿಷಯದಲ್ಲಿ ನಡೆದಿರುವುದು ಇದರ ತಿರುವುಮುರುವು. ಗ್ರೀಕ್ ಪಾಠವು ಮೂಲಪಿತೃವನ್ನು ಪ್ರತ್ಯಯ ಹತ್ತದ ‘ಇಯಾಕೋಬ್’ ಎಂದೂ ಅಪೊಸ್ತಲನನ್ನು ‘ಇಯಾಕೋಬೊಸ್’ ಎಂದೂ ಬರೆಯುತ್ತದೆ. ಕನ್ನಡದಲ್ಲಿ ಇಬ್ಬರೂ ‘ಯಾಕೋಬನು’. ಒಂದು ಸೂಕ್ಷ್ಮ ಅಳಿಸಿತೆಂಬುದು ನಿಜ. ಆದರೆ ನನಗೆ ಇದು ಲಾಭವೆಂದೇ ತೋರುತ್ತದೆ. ಮಕ್ಕಳಿಗೆ ಮೂಲಪಿತೃವಿನ ಹೆಸರಿಡುತ್ತಿದ್ದ ಗಲಿಲಾಯದ ಮನೆಗಳು ಕನ್ನಡ ಓದುಗನಿಗೆ ತಟ್ಟನೆ ಕಾಣುತ್ತವೆ, ‘ಜೇಮ್ಸ್’ ಎಂದು ಓದುವವನಿಗೆ ಕಾಣುವುದಿಲ್ಲ. (ಕಿಂಗ್ ಜೇಮ್ಸ್ ಭಾಷಾಂತರವೂ ಹೆಸರಿನ ಮಟ್ಟಿಗೆ ಯಾಕೋಬರಾಜನದೇ!)

4:8ರಲ್ಲಿ ಕನ್ನಡ ಭಾಷಾಂತರಕಾರರು ‘ಯೆಹೋಶುವ’ನನ್ನು ಆರಿಸಿಕೊಂಡದ್ದನ್ನು ನಾನು ಆಕ್ಷೇಪಿಸುವುದಿಲ್ಲ. ‘ಯೇಸು’ ಎಂದಿದ್ದರೆ ಕ್ರಿಸ್ತನೇ ವಿಶ್ರಾಂತಿಯನ್ನು ಕೊಡಲಾರದೆ ಹೋದನೆಂದು ಸಭೆ ತಿಳಿದೀತು; ಕಿಂಗ್ ಜೇಮ್ಸ್ ಓದುಗರಿಗೆ ಒದಗುವ ಗೊಂದಲ ಇದೇ. ಆದರೆ ಪತ್ರಿಕೆಯ ವಾದ ನಿಂತಿರುವುದು ಹೆಸರಿನ ಮರುಕಳಿಕೆಯ ಮೇಲೆ. ಕಾನಾನಿಗೆ ನಡೆಸಿದ ‘ಯೇಸೂಸ್’ ಕೊನೆಯ ವಿಶ್ರಾಂತಿಯನ್ನು ಕೊಡಲಿಲ್ಲ. ಆರು ವಚನಗಳ ಬಳಿಕ, 4:14ರಲ್ಲಿ, ಅದೇ ಹೆಸರಿನ ದೇವಕುಮಾರನು ಮಹಾಯಾಜಕನಾಗಿ ಆಕಾಶಮಂಡಲವನ್ನು ದಾಟಿದ್ದಾನೆ. ಈ ಭಾಗದ ಮೇಲೆ ಪ್ರಸಂಗಿಸುವವನು ಎರಡು ವಚನಗಳನ್ನೂ ಒಟ್ಟಿಗೆ ಓದಿ ಹೆಸರು ಒಂದೇ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಮುಂದಿನ ಪರಿಷ್ಕರಣೆ 4:8ರ ಕೆಳಗೆ ‘ಗ್ರೀಕಿನಲ್ಲಿ: ಯೇಸು’ ಎಂಬ ಎರಡು ಪದಗಳನ್ನು ಅಚ್ಚು ಹಾಕಿದರೆ ಸಾಕು.