ಪ್ರಾಣಿ-ಕುಟುಂಬಗಳ ಪಾಠ: ಒಂದು ವಿಮರ್ಶೆ

ಎಳೆಯ ಮಕ್ಕಳಿಗೆ ಸಾಕುಪ್ರಾಣಿಗಳ ಹೆಸರನ್ನು ಕಲಿಸುವಾಗ ತಂದೆ, ತಾಯಿ, ಮರಿ ಎಂಬ ಮೂರು ಅಂಕಣಗಳ ಪಟ್ಟಿಯನ್ನು ಬಳಸುವುದುಂಟು. ಹುಂಜ, ಹೇಂಟೆ, ಮರಿ. ಟಗರು, ಕುರಿ, ಮರಿ. ಎತ್ತು, ಆಕಳು, ಕರು ಎಂದು ಅದು ಸಾಗುತ್ತದೆ. ಮೇಲುನೋಟಕ್ಕೆ ಇದು ಸರಳವಾಗಿಯೂ ನಿರ್ದುಷ್ಟವಾಗಿಯೂ ತೋರುವುದು. ಆದರೆ ಕೊನೆಯ ಸಾಲು ಸುಳ್ಳು. ಬೀಜ ಒಡೆದು ನೊಗಕ್ಕೆ ಪಳಗಿಸಿದ ಹೋರಿಯೇ ಎತ್ತು. ಅದು ಯಾವ ಕರುವಿಗೂ ತಂದೆಯಾಗಲಾರದು. ಕೊಟ್ಟಿಗೆಯುಳ್ಳ ಮನೆಯ ಮಗುವಿಗೆ ತಿಳಿದಿರುವ ಈ ಸಂಗತಿಯನ್ನು ಶಾಲೆಯ ಪಾಠ ಮರೆಸುತ್ತದೆ.

ಈ ದೋಷ ಕೇವಲ ಅನವಧಾನದಿಂದ ಹುಟ್ಟಿದುದಲ್ಲ. ಇಂಗ್ಲಿಷಿನ ಬಾಲಬೋಧೆಗಳಿಗೆ ಒಪ್ಪುವ ಚೌಕಟ್ಟನ್ನು ಕನ್ನಡಕ್ಕೆ ತೊಡಿಸಿದುದರ ಫಲವಿದು. ಕನ್ನಡದಲ್ಲಿ ಪ್ರಾಣಿವಾಚಕಗಳು ವ್ಯಾಕರಣದ ದೃಷ್ಟಿಯಿಂದ ಸಾಮಾನ್ಯವಾಗಿ ನಪುಂಸಕ; ಗೂಳಿಯೂ ಬಂದಿತು, ಆಕಳೂ ಬಂದಿತು. ಕ್ರಿಯಾಪದ ತೋರದ ಭೇದವನ್ನು ಹೆಸರುಗಳೇ ತೋರಬೇಕು. ಆ ಹೆಸರುಗಳಾದರೂ ಲಿಂಗವೊಂದನ್ನೇ ಹಿಡಿದು ಹೊರಟವಲ್ಲ. ಇನ್ನೂ ಈಯದ ಹೆಣ್ಣು ಕಡಸು ಅಥವಾ ಮಣಕ. ಬೀಜಕ್ಕೆ ಬಿಟ್ಟುದು ಗೂಳಿ. ದೇವರ ಹೆಸರಿನಲ್ಲಿ ಬಿಟ್ಟುದು ಬಸವ. ವಯಸ್ಸು, ದುಡಿಮೆ, ಹರಕೆ ಇವೆಲ್ಲ ಇಲ್ಲಿ ವಿಂಗಡಣೆಯ ಆಧಾರಗಳು. ಮರಿಗಳಲ್ಲಿಯೂ ವ್ಯವಸ್ಥೆಯುಂಟು: ಆಕಳು, ಎಮ್ಮೆಗಳದು ಕರು, ಆಡು, ಕುರಿ, ಕೋಳಿಗಳದು ಮರಿ. ಮೂರು ಅಂಕಣಗಳಲ್ಲಿ ಈ ಸಂಪತ್ತಿಗೆ ಎಡೆಯೆಲ್ಲಿ?

ಸ್ಥಳವಿಚಾರವೂ ಗಣನೀಯವಾದುದು. ಕುಮಟಾ ತಾಲೂಕಿನ ಯಾಣವೆಂದರೆ ನಮಗೆ ಭೈರವೇಶ್ವರ, ಮೋಹಿನಿ ಶಿಖರಗಳ ನೆನಪೇ ಮೊದಲು. ಆದರೆ ಆ ಘಟ್ಟದ ಸೀಮೆಯ ಅಡಕೆಯ ತೋಟ ನಿಂತಿರುವುದು ಕೊಟ್ಟಿಗೆಯ ಮೇಲೆ: ಬೆಟ್ಟದ ಸೊಪ್ಪು ದನಗಳ ಕಾಲಡಿಗೆ ಬಿದ್ದು, ಗೊಬ್ಬರವಾಗಿ, ಮರದ ಬುಡ ಸೇರುತ್ತದೆ. ಅಲ್ಲಿನ ದನ ಗಿಡ್ಡ ಜಾತಿಯ ಮಲೆನಾಡು ಗಿಡ್ಡ. ಕುರಿಯಾದರೋ ಬಯಲುಸೀಮೆಯ ಪ್ರಾಣಿ. ಅತಿವೃಷ್ಟಿಯ ಈ ಕಾಡಿನ ಮಗುವಿಗೆ ಟಗರು ಬರಿಯ ಚಿತ್ರ. ಎಲ್ಲ ಊರಿಗೂ ಒಂದೇ ಪಟ್ಟಿ ಎಂಬುದು ಆದುದರಿಂದ ಅವಿಚಾರ.

ಇದಕ್ಕಿಂತ ಮೇಲಾದ ಮಾದರಿ ನಮ್ಮಲ್ಲಿಯೇ ಇದೆ. ಪುಣ್ಯಕೋಟಿಯ ಕಥೆಯಾದ ಗೋವಿನ ಹಾಡನ್ನು ಸತ್ಯವಾಕ್ಯದ ನೀತಿಗಾಗಿ ಮಾತ್ರ ಓದಿಸುತ್ತೇವೆ. ಆದರೆ ಅದು ಹೆಸರಿನ ಪಾಠವೂ ಹೌದು. ಗೊಲ್ಲ ಕಾಳಿಂಗ ಹಸುಗಳನ್ನು ಜಾತಿವಾಚಕದಿಂದ ಕರೆಯದೆ ಒಂದೊಂದರ ಅಂಕಿತದಿಂದ ಕರೆಯುತ್ತಾನೆ. ಹುಲಿಯ ಬಳಿಗೆ ಮರಳುವ ಮುನ್ನ ತಾಯಿ ತನ್ನ ಕರುವನ್ನು ಉಳಿದ ಹಸುಗಳಿಗೆ ಬಂಧುವಾಚಕಗಳಿಂದ ಸಂಬೋಧಿಸಿ ಒಪ್ಪಿಸುತ್ತದೆ. ಇಲ್ಲಿ ತಂದೆಯ ಪ್ರಸಕ್ತಿಯೇ ಇಲ್ಲ; ಕುಟುಂಬವೆಂದರೆ ಇಡೀ ಮಂದೆ. ಕೊಟ್ಟಿಗೆಯ ನಿಜಸ್ಥಿತಿಗೆ ಪಟ್ಟಿಗಿಂತ ಹಾಡೇ ಹತ್ತಿರ.

ಐದು ವರ್ಷದ ಮಗುವಿಗೆ ಇಷ್ಟು ಸೂಕ್ಷ್ಮ ಬೇಕೆ ಎಂದು ಆಕ್ಷೇಪಿಸಬಹುದು. ಎಲ್ಲವನ್ನೂ ಒಮ್ಮೆಗೇ ಹೇಳಬೇಕಿಲ್ಲವೆಂಬುದು ನಿಜ. ಕಡಮೆ ಹೇಳುವುದು ಸರಳತೆ. ತಪ್ಪು ಹೇಳುವುದು ಸರಳತೆಯಲ್ಲ. ತಂದೆಯ ಅಂಕಣದಲ್ಲಿ ಗೂಳಿಯನ್ನಿಟ್ಟು, ಎತ್ತನ್ನು ಅದರ ದುಡಿಮೆಯೊಡನೆ ಬೇರೆಯಾಗಿ ಹೇಳಿದರೆ ಸಾಕು. ಆಮೇಲೆ ನಿಮ್ಮ ಮನೆಯ ದನದ ಹೆಸರೇನು ಎಂದು ಮಗುವನ್ನೇ ಕೇಳಬೇಕು. ದೊಡ್ಡಹಬ್ಬದಲ್ಲಿ ಕೊರಳಿಗೆ ಮಾಲೆ ಕಟ್ಟಿ ಪೂಜಿಸುವ ದನವನ್ನು ಆ ಮಗು ಹೆಸರಿನಿಂದಲೇ ಬಲ್ಲದು. ಕೊಟ್ಟಿಗೆಗಳು ಬರಿದಾಗುತ್ತಿರುವ ಈ ಕಾಲದಲ್ಲಿ ಕಡಸು, ಮಣಕಗಳಂಥ ಪದಗಳನ್ನು ನಿಘಂಟಿಗೆ ಮಾತ್ರ ಬಿಟ್ಟುಕೊಡುವುದು ಭಾಷಾಬೋಧಕರಿಗೆ ಉಚಿತವಲ್ಲ.