ಕೊನೆಯ ಸಂಪುಟವೂ ಸಿಗುವ ಮಾಂಗಾಗಳು

ಮಾಂಗಾ ಓದುವವರಿಗೆ ಅರ್ಧಕ್ಕೆ ನಿಂತ ಕಥೆಗಳ ಸಂಕಟ ಚೆನ್ನಾಗಿ ಗೊತ್ತು. ಐ ಯಜಾವಾ ಅವರ ‘ನಾನಾ’ ಲೇಖಕಿಯ ಅನಾರೋಗ್ಯದಿಂದ 2009ರಲ್ಲಿ ನಿಂತಿತು, ಮತ್ತೆ ಶುರುವಾಗಲಿಲ್ಲ. ಖಡ್ಗವೀರನ ಕಥೆ ಹೇಳುವ ‘ವಾಗಬಾಂಡ್’ 37 ಸಂಪುಟಗಳ ಬಳಿಕ 2015ರಿಂದ ಮುಂದೆ ಸಾಗಿಲ್ಲ. ‘ಬರ್ಸರ್ಕ್’ ಬರೆದ ಕೆಂಟಾರೊ ಮಿಯುರಾ 2021ರಲ್ಲಿ, 54ನೇ ವಯಸ್ಸಿಗೇ ತೀರಿಕೊಂಡರು. ಅವರ ಗೆಳೆಯರೂ ಶಿಷ್ಯರೂ ಸೇರಿ ಕಥೆಯನ್ನು ಮುಂದುವರಿಸುತ್ತಿದ್ದಾರೆ. ‘ಒನ್ ಪೀಸ್’ 1997ರಲ್ಲಿ ಆರಂಭವಾಗಿ ನೂರು ಸಂಪುಟ ದಾಟಿದ ಮೇಲೂ ನಡೆಯುತ್ತಲೇ ಇದೆ.

ಹಾಗಾಗಿ ಹೊಸ ಓದುಗರು ಅಂಗಡಿಯ ಕಪಾಟಿನ ಮುಂದೆ ನಿಂತು ಮೊದಲು ಕೇಳುವುದು ‘ಇದು ಮುಗಿದಿದೆಯಾ?’ ಎಂದು. ಕೇಳಬೇಕಾದ ಪ್ರಶ್ನೆಯೇ. ಅದರ ಬೆನ್ನಿಗೇ ಇನ್ನೊಂದನ್ನೂ ಕೇಳಿದರೆ ಆಯ್ಕೆ ಸುಲಭವಾಗುತ್ತದೆ: ಈ ಕಥೆಗೆ ಇಷ್ಟು ಉದ್ದ ಯಾಕೆ ಬೇಕಿತ್ತು?

ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದ ಕನ್ನಡಿಗರಿಗೆ ಜಪಾನಿನ ಮಾಂಗಾ ವ್ಯವಸ್ಥೆ ಅರ್ಧ ಪರಿಚಿತ. ಅಲ್ಲಿಯೂ ಕಥೆ ಮೊದಲು ಪತ್ರಿಕೆಯಲ್ಲಿ ಕಂತುಕಂತಾಗಿ ಬಂದು, ಆಮೇಲೆ ಪುಸ್ತಕವಾಗುತ್ತದೆ. ಉಳಿದರ್ಧ ಬೇರೆ. 1968ರಲ್ಲಿ ಶುರುವಾದ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಒಂದು ಕಂತು ಎಂದರೆ ಸುಮಾರು 19 ಪುಟ, ಪ್ರತಿ ವಾರವೂ. ಪತ್ರಿಕೆಯೊಳಗಿನ ಕಾರ್ಡ್ ತುಂಬಿ ಓದುಗರು ತಮಗೆ ಮೆಚ್ಚುಗೆಯಾದ ಕಥೆಗಳನ್ನು ತಿಳಿಸುತ್ತಾರೆ. ಕಾರ್ಡಿನ ಲೆಕ್ಕದಲ್ಲಿ ಹಿಂದೆ ಬಿದ್ದ ಕಥೆ ಕೆಲವೇ ತಿಂಗಳಲ್ಲಿ ಎತ್ತಂಗಡಿಯಾಗುತ್ತದೆ. ಗೆದ್ದ ಕಥೆಯ ಪಾಡು ಇನ್ನೊಂದು ಬಗೆಯದು: ಅದನ್ನು ನಿಲ್ಲಿಸುವುದೇ ಕಷ್ಟ. ಲೇಖಕರಿಗೆ ಹೇಳುವುದು ಮುಗಿದಿರುತ್ತದೆ, ಓದುಗರಿಗೆ ಕೇಳುವುದು ಮುಗಿದಿರುವುದಿಲ್ಲ. ಎಪ್ಪತ್ತು ಸಂಪುಟ ದಾಟಿದ ಎಷ್ಟೋ ಜನಪ್ರಿಯ ಸರಣಿಗಳ ಕೊನೆಯ ಭಾಗ ಎಳೆದಂತೆ ಕಾಣುವುದಕ್ಕೆ ಬೇರು ಇಲ್ಲಿದೆ.

ಇಂಥ ವ್ಯವಸ್ಥೆಯೊಳಗೇ ಇದ್ದುಕೊಂಡು, ಬೇಕಾದಷ್ಟೇ ಉದ್ದ ಬರೆದು, ಸರಿಯಾದ ಜಾಗದಲ್ಲಿ ಕೈಬಿಟ್ಟ ಸರಣಿಗಳೂ ಇವೆ. ಅಂಥ ಆರನ್ನು ಈ ವಾರ ಇಲ್ಲಿ ಆರಿಸಿದೆ.

ಮೊದಲನೆಯದು ಹಿರೊಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’. 2001ರಿಂದ 2010ರವರೆಗೆ ಮಾಸಪತ್ರಿಕೆಯೊಂದರಲ್ಲಿ ಬಂದ ಇದು 108 ಅಧ್ಯಾಯ, 27 ಸಂಪುಟಗಳ ಕಥೆ. ಸತ್ತ ತಾಯಿಯನ್ನು ರಸವಿದ್ಯೆಯಿಂದ ಮರಳಿ ತರಲು ಹೋದ ಇಬ್ಬರು ಹುಡುಗರಲ್ಲಿ ಅಣ್ಣ ಎಡ್ವರ್ಡ್ ಒಂದು ಕೈ, ಒಂದು ಕಾಲು ಕಳೆದುಕೊಳ್ಳುತ್ತಾನೆ. ತಮ್ಮ ಆಲ್ಫೋನ್ಸ್ ಇಡೀ ದೇಹವನ್ನೇ ಕಳೆದುಕೊಂಡು ಲೋಹದ ಕವಚವೊಂದರಲ್ಲಿ ಬರೀ ಜೀವವಾಗಿ ಉಳಿಯುತ್ತಾನೆ. ಏನನ್ನಾದರೂ ಪಡೆಯಬೇಕಾದರೆ ಅಷ್ಟೇ ಬೆಲೆಯದನ್ನು ಕೊಡಬೇಕು ಎಂಬುದು ಈ ಲೋಕದ ನಿಯಮ. ಹೊಕ್ಕೈಡೊದ ಹೈನುಗಾರರ ಮನೆಯಲ್ಲಿ ಹುಟ್ಟಿ, ಶಾಲೆ ಮುಗಿದ ಮೇಲೂ ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ದುಡಿದ ಅರಕಾವಾ, ಸಂಪುಟಗಳಲ್ಲಿ ತಮ್ಮನ್ನು ಕನ್ನಡಕ ಹಾಕಿದ ಹಸುವಾಗಿ ಚಿತ್ರಿಸಿಕೊಳ್ಳುತ್ತಾರೆ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಇರುವ ಲೆಕ್ಕ ಅವರಿಗೆ ಮೈಗೂಡಿದ್ದು.

ಇಲ್ಲಿ ಉದ್ದ ಬೇಕಾದದ್ದು ಬಿತ್ತನೆಗೆ. ಎಡ್ವರ್ಡ್ ಸದಾ ಜೊತೆಗಿಟ್ಟುಕೊಳ್ಳುವ ಬೆಳ್ಳಿಯ ಗಡಿಯಾರ ಆರಂಭದಲ್ಲಿ ಬರೀ ಸರ್ಕಾರಿ ಗುರುತಿನಂತೆ ಕಾಣುತ್ತದೆ. ಯಾರೂ ತೆರೆಯದಂತೆ ಅದರ ಮುಚ್ಚಳವನ್ನು ಅವನು ಬಿಗಿದಿಟ್ಟಿದ್ದಾನೆ. ಕೆಲವು ಸಂಪುಟಗಳ ನಂತರ ಬಾಲ್ಯದ ಗೆಳತಿ ವಿನ್ರಿ ಹಠ ಹಿಡಿದು ಅದನ್ನು ತೆರೆದಾಗ ಒಳಗೆ ಕೆತ್ತಿದ ಒಂದು ತಾರೀಖು ಕಾಣುತ್ತದೆ. ಹಿಂದಿರುಗಲು ದಾರಿಯೇ ಉಳಿಯದಿರಲಿ ಎಂದು ಅಣ್ಣತಮ್ಮ ತಮ್ಮ ಮನೆಗೆ ತಾವೇ ಬೆಂಕಿಯಿಟ್ಟ ದಿನ ಅದು. ಇಂಥ ಎಷ್ಟೋ ಎಳೆಗಳನ್ನು ಲೇಖಕಿ ಮೊದಲೇ ಇಟ್ಟು, ಸಮಯ ನೋಡಿ ಎತ್ತಿಕೊಳ್ಳುತ್ತಾರೆ. ಕೊನೆಯ ಸಂಪುಟದಲ್ಲಿ ಎಡ್ವರ್ಡ್ ತೆರುವ ಬೆಲೆ ಏನೆಂದು ಇಲ್ಲಿ ಹೇಳುವುದು ತಪ್ಪಾಗುತ್ತದೆ. ಮೊದಲ ಅಧ್ಯಾಯದಲ್ಲಿ ಹಾಕಿದ ಲೆಕ್ಕಕ್ಕೆ ಅದು ನೇರವಾದ ಉತ್ತರ. 2003ರ ಅನಿಮೆ ಮಾಂಗಾಕ್ಕಿಂತ ಮುಂದೆ ಓಡಿ ತನ್ನದೇ ಮುಕ್ತಾಯ ಕಟ್ಟಿಕೊಂಡಿತ್ತು. ಅದನ್ನಷ್ಟೇ ನೋಡಿದವರು ಪುಸ್ತಕ ಓದಲೇಬೇಕು.

ಎರಡನೆಯದು ನಾವೊಕಿ ಉರಾಸಾವಾ ಅವರ ‘ಮಾನ್‌ಸ್ಟರ್’, 1994ರಿಂದ 2001, 18 ಸಂಪುಟ. 1986ರ ಜರ್ಮನಿ, ಡ್ಯೂಸೆಲ್‌ಡಾರ್ಫ್ ನಗರ. ಮೇಯರ್‌ಗೆ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ಆದೇಶವನ್ನು ಬದಿಗಿಟ್ಟು, ತಲೆಗೆ ಗುಂಡು ತಗಲಿದ ಹುಡುಗನನ್ನು ಮೊದಲು ಉಳಿಸುತ್ತಾರೆ ಜಪಾನಿ ವೈದ್ಯ ಡಾ. ತೆನ್ಮಾ. ಒಂಬತ್ತು ವರ್ಷಗಳ ನಂತರ, ಆ ಹುಡುಗ ಎಂಥವನಾಗಿ ಬೆಳೆದ ಎಂಬುದು ಅವರ ಕಣ್ಣೆದುರೇ ಬಯಲಾಗುತ್ತದೆ. ಆಮೇಲಿನದೆಲ್ಲ ಬೆನ್ನಟ್ಟುವ ಕಥೆ.

ಬೆನ್ನಟ್ಟುವ ಕಥೆಗೆ 18 ಸಂಪುಟ ಯಾಕೆ? ಉರಾಸಾವಾ ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಮನೆಗೂ ಹೋಗುತ್ತಾರೆ. ಕುಡಿತ ಬಿಟ್ಟು ಮಗಳನ್ನು ಮತ್ತೆ ಕಾಣಲು ಹಂಬಲಿಸುವ ಮಾಜಿ ಪೊಲೀಸ್, ಹಳ್ಳಿಯ ವೈದ್ಯ, ಗಡಿಯಾಚೆಯ ಬೊಂಬೆಯಾಟದವ, ಇವರೆಲ್ಲ ಒಂದೆರಡು ಅಧ್ಯಾಯಕ್ಕೆ ನಾಯಕರಾಗಿ ಮರೆಯಾಗುತ್ತಾರೆ. ಜರ್ಮನ್ ಪೊಲೀಸ್ ಇನ್‌ಸ್ಪೆಕ್ಟರ್ ಲುಂಗೆಯ ಅಭ್ಯಾಸವೊಂದನ್ನು ಓದಿದವರು ಮರೆಯುವುದಿಲ್ಲ. ಎದುರಿಗಿದ್ದವರು ಮಾತಾಡುತ್ತಿದ್ದಂತೆ ಅವನ ಬೆರಳುಗಳು ಗಾಳಿಯಲ್ಲೇ ಟೈಪ್ ಮಾಡುತ್ತಿರುತ್ತವೆ. ಕೇಳಿದ್ದೆಲ್ಲ ಹಾಗೆಯೇ ಅವನ ತಲೆಯಲ್ಲಿ ದಾಖಲಾಗುತ್ತದೆ. ಮೊದಮೊದಲು ಭಯ ಹುಟ್ಟಿಸುವ ಆ ಬೆರಳುಗಳನ್ನು ಸಂಪುಟಗಳು ಸಾಗಿದಂತೆ ಓದುಗ ಮರುಕದಿಂದ ನೋಡತೊಡಗುತ್ತಾನೆ. ಒಬ್ಬ ಪೋಷಕ ಪಾತ್ರದ ಬಗ್ಗೆ ಓದುಗನ ಮನಸ್ಸು ಹೀಗೆ ತಿರುಗಬೇಕಾದರೆ ಪುಟಗಳು ಬೇಕೇ ಬೇಕು.

ಕಾಲವನ್ನೇ ಕಥೆಯಾಗಿಸಿದ್ದು ರುಮಿಕೊ ತಾಕಾಹಾಶಿ ಅವರ ‘ಮೇಝೋನ್ ಇಕ್ಕೊಕು’. 1980ರಿಂದ 1987ರವರೆಗೆ ನಡೆದ ಈ 15 ಸಂಪುಟಗಳ ಪ್ರೇಮಕಥೆಯನ್ನು ಬರೆಯುತ್ತಿರುವಾಗಲೇ ಅವರು ಇನ್ನೊಂದು ವಾರಪತ್ರಿಕೆಗೆ ‘ಉರುಸೆ ಯತ್ಸುರಾ’ ಎಂಬ ಹಾಸ್ಯಕಥೆಯನ್ನೂ ಕೊಡುತ್ತಿದ್ದರು. ಟೋಕಿಯೊದ ಹಳೆಯ ಮರದ ವಠಾರ, ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಸೋತು ಮತ್ತೆ ಓದುತ್ತಿರುವ ಗೊದಾಯ್, ಅಲ್ಲಿಗೆ ಮ್ಯಾನೇಜರ್ ಆಗಿ ಬರುವ ಎಳೆವಯಸ್ಸಿನ ವಿಧವೆ ಕ್ಯೋಕೊ. ಆಕೆ ತನ್ನ ನಾಯಿಯನ್ನು ತೀರಿಹೋದ ಗಂಡನ ಹೆಸರಿನಿಂದಲೇ ಕರೆಯುತ್ತಾಳೆ. ಅಂಗಳದಲ್ಲಿ ಆಕೆ ‘ಸೋಇಚಿರೊ’ ಎಂದಾಗಲೆಲ್ಲ ಮೇಲಿನ ಕೋಣೆಯ ಗೊದಾಯ್‌ಗೆ ತನ್ನ ಎದುರಾಳಿ ಯಾರೆಂಬುದು ನೆನಪಾಗುತ್ತದೆ.

ಪತ್ರಿಕೆಯಲ್ಲಿ ವರ್ಷ ಉರುಳಿದಂತೆ ಕಥೆಯೊಳಗೂ ವರ್ಷ ಉರುಳುತ್ತದೆ. ಗೊದಾಯ್ ಕಾಲೇಜು ಸೇರುತ್ತಾನೆ, ಪದವಿ ಮುಗಿಸುತ್ತಾನೆ, ಕೆಲಸಕ್ಕೆ ಅಲೆಯುತ್ತಾನೆ. ಪ್ರೀತಿ ತಡವಾಗುವುದಕ್ಕೆ ಮೊದಲರ್ಧದಲ್ಲಿ ತಪ್ಪು ತಿಳಿವಳಿಕೆಗಳು ಕಾರಣ. ಮೊಬೈಲ್ ಇಲ್ಲದ ಕಾಲವಾದ್ದರಿಂದ ಅವುಗಳಿಗೆ ಬರವಿಲ್ಲ. ಆದರೆ ಉತ್ತರಾರ್ಧದಲ್ಲಿ ನಿಜವಾದ ಕಾರಣ ಸ್ಪಷ್ಟವಾಗುತ್ತದೆ: ಶೋಕಕ್ಕೆ ಅದರದೇ ಕಾಲ ಬೇಕು. ಎರಡು ತಾಸಿನ ಸಿನಿಮಾ ಇದನ್ನು ಹೇಳಿಬಿಡಬಹುದು. ಓದುಗ ಅದನ್ನು ಕ್ಯೋಕೊ ಜೊತೆ ಬಾಳಬೇಕಾದರೆ ಏಳು ವರ್ಷಗಳ ಈ ಕಂತುಗಳೇ ಆಗಬೇಕು.

ಇದಕ್ಕೆ ತದ್ವಿರುದ್ಧವಾದದ್ದು ‘ಸ್ಲ್ಯಾಮ್ ಡಂಕ್’. ‘ವಾಗಬಾಂಡ್’ ಬರೆದ ತಾಕೆಹಿಕೊ ಇನೊಯೆ ಅವರೇ ಅದಕ್ಕೂ ಮುಂಚೆ, 1990ರಿಂದ 1996ರವರೆಗೆ, ಬರೆದ ಕೃತಿ, 31 ಸಂಪುಟ. ಕಥೆಯೊಳಗೆ ಕಳೆಯುವುದು ಕೆಲವೇ ತಿಂಗಳು. ಹುಡುಗಿಯೊಬ್ಬಳ ಮೆಚ್ಚುಗೆಗಾಗಿ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದ ಪುಂಡ ಸಾಕುರಾಗಿ, ಆಟವನ್ನು ಆಟಕ್ಕಾಗಿಯೇ ಪ್ರೀತಿಸುವವನಾಗುವ ಕಥೆ ಇದು. ಸಾನ್ನೊ ಶಾಲೆಯ ಎದುರಿನ ಕೊನೆಯ ಪಂದ್ಯವೊಂದಕ್ಕೇ ಹಲವು ಸಂಪುಟಗಳು ಮೀಸಲು. ಆ ಪಂದ್ಯದ ಅಂತಿಮ ಗಳಿಗೆಯಲ್ಲಿ ಇನೊಯೆ ಮಾತಿನ ಗುಳ್ಳೆಗಳನ್ನೂ ಸದ್ದು ಸೂಚಿಸುವ ಅಕ್ಷರಗಳನ್ನೂ ಪುಟದಿಂದ ತೆಗೆದುಬಿಡುತ್ತಾರೆ. ಅಲ್ಲಿಯವರೆಗೆ ಕೂಗು, ಚೆಂಡಿನ ಬಡಿತ, ಬೂಟುಗಳ ಕಿರುಗುಟ್ಟುವಿಕೆಯಿಂದ ತುಂಬಿದ್ದ ಪುಟಗಳಲ್ಲಿ ಈಗ ಬರೀ ಮೈಗಳು, ಕಣ್ಣುಗಳು, ಗಾಳಿಯಲ್ಲಿರುವ ಚೆಂಡು. ಓದುಗ ಉಸಿರು ಬಿಗಿಹಿಡಿದು ಪುಟ ತಿರುಗಿಸುತ್ತಾನೆ.

ಜಂಪ್‌ನ ಪ್ರಸಾರ 65 ಲಕ್ಷ ಪ್ರತಿ ದಾಟಿದ್ದು ಈ ಕಥೆ ನಡೆಯುತ್ತಿದ್ದ ದಿನಗಳಲ್ಲೇ. ಆ ಜನಪ್ರಿಯತೆಯ ತುದಿಯಲ್ಲಿ, ಇನ್ನೂ ಪಂದ್ಯಗಳು ಉಳಿದಿರುವಾಗಲೇ ಇನೊಯೆ ಸರಣಿಯನ್ನು ಮುಗಿಸಿದರು. ಹತ್ತು ಕೋಟಿ ಪ್ರತಿ ಮಾರಾಟವಾದ ಸಂತೋಷಕ್ಕೆ 2004ರಲ್ಲಿ ಕನಗಾವಾ ಪ್ರಾಂತ್ಯದ ಮುಚ್ಚಿದ ಶಾಲೆಯೊಂದರ 23 ಕಪ್ಪುಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ ‘ಹತ್ತು ದಿನಗಳ ನಂತರ’ದ ಕಥೆ ಬರೆದರು. ಪತ್ರಿಕೆಯಲ್ಲಿ ಕಥೆಯನ್ನು ಮತ್ತೆ ಎಬ್ಬಿಸುವ ಗೋಜಿಗೆ ಹೋಗಲಿಲ್ಲ.

ಐದನೆಯ ಆಯ್ಕೆ ವಯಸ್ಕರಿಗೆ ಮಾತ್ರ: ಸತೊರು ನೋದಾ ಅವರ ‘ಗೋಲ್ಡನ್ ಕಮುಯ್’, 2014ರಿಂದ 2022, 31 ಸಂಪುಟ. ರಕ್ತಪಾತವೂ ಒರಟು ಹಾಸ್ಯವೂ ಧಾರಾಳವಾಗಿವೆ. ರಷ್ಯಾ–ಜಪಾನ್ ಯುದ್ಧದಿಂದ ಮರಳಿದ ಸೈನಿಕ ಸುಗಿಮೊತೊ, ಐನು ಬುಡಕಟ್ಟಿನ ಹುಡುಗಿ ಅಸಿರ್ಪಾ ಸೇರಿ, ಐನು ಜನರಿಂದ ದೋಚಿದ ಚಿನ್ನವನ್ನು ಹೊಕ್ಕೈಡೊದ ಹಿಮದಲ್ಲಿ ಹುಡುಕುತ್ತಾರೆ. ನಿಧಿಯ ನಕ್ಷೆ ಇರುವುದು ಅಬಾಶಿರಿ ಜೈಲಿನಿಂದ ತಪ್ಪಿಸಿಕೊಂಡ ಕೈದಿಗಳ ಮೈಮೇಲಿನ ಹಚ್ಚೆಗಳಲ್ಲಿ. ಈ ಓಟದ ನಡುವೆ ಕಥೆ ಆಗಾಗ ಒಲೆಯ ಮುಂದೆ ಕೂರುತ್ತದೆ. ಬೇಟೆಯ ಮಾಂಸವನ್ನು ಕತ್ತಿಯಿಂದ ಕೊಚ್ಚಿ ಕೊಚ್ಚಿ ಮಾಡುವ ‘ಚಿತತಪ್’ ಎಂಬ ಅಡುಗೆಯನ್ನು ಅಲ್ಲಿದ್ದವರೆಲ್ಲ ಸರದಿಯಂತೆ ಮಾಡಬೇಕು, ಕೊಚ್ಚುವಾಗ ‘ಚಿತತಪ್, ಚಿತತಪ್’ ಎನ್ನಲೇಬೇಕು ಎಂದು ಅಸಿರ್ಪಾ ಪಟ್ಟು ಹಿಡಿಯುತ್ತಾಳೆ. ಕಥೆ ಮುಂದುವರಿದಂತೆ ಬದ್ಧವೈರಿಗಳೂ ಆ ಸಾಲಿನಲ್ಲಿ ಕುಳಿತು ಕೊಚ್ಚುತ್ತಾರೆ. ಮಾಯವಾಗುವ ಅಂಚಿನಲ್ಲಿರುವ ಐನು ಭಾಷೆಯ ಸಂಭಾಷಣೆಗಳನ್ನು ಭಾಷಾವಿಜ್ಞಾನಿ ಹಿರೊಶಿ ನಕಗಾವಾ ತಿದ್ದಿಕೊಟ್ಟಿದ್ದಾರೆ. ಒಂದು ಸಮುದಾಯದ ಬೇಟೆ, ಬಟ್ಟೆ, ದೈವ, ಊಟಗಳನ್ನು ಇಷ್ಟು ವಿವರವಾಗಿ ತೋರಿಸಲು ಸಣ್ಣ ಸರಣಿಯಲ್ಲಿ ಜಾಗವೇ ಇರುತ್ತಿರಲಿಲ್ಲ.

ಮಾಂಗಾವನ್ನು ಒಮ್ಮೆಯೂ ಮುಟ್ಟದ ಹಿರಿಯರಿಗೆ ಕೊಡಬೇಕಾದದ್ದು ಒಸಾಮು ತೆಜುಕಾ ಅವರ ‘ಬುದ್ಧ’. ವೈದ್ಯಶಾಸ್ತ್ರ ಓದಿ ಚಿತ್ರಕಾರರಾದ ತೆಜುಕಾ ಇದನ್ನು 1972ರಿಂದ 1983ರವರೆಗೆ ಬರೆದರು. ಹಸಿದ ಮುದುಕನಿಗಾಗಿ ಮೊಲ ತಾನೇ ಬೆಂಕಿಗೆ ಹಾರುವ ಜಾತಕ ಕಥೆಯೊಂದಿಗೆ ಶುರುವಾಗುವ ಮೊದಲ ಸಂಪುಟದ ಬಹುಪಾಲು, ಗುಲಾಮನಾಗಿ ಹುಟ್ಟಿದ ಚಾಪ್ರಾ, ಪ್ರಾಣಿಗಳ ಮೈಯೊಳಗೆ ಮನಸ್ಸು ಹೊಗಿಸಬಲ್ಲ ಪುಟ್ಟ ತಟ್ಟಾ ಎಂಬ ಕಲ್ಪಿತ ಪಾತ್ರಗಳದ್ದು. ಸಿದ್ಧಾರ್ಥನ ದಾರಿಯಲ್ಲಿ ಇಂಥ ನೂರು ಬದುಕುಗಳು ಸೇರಿಕೊಳ್ಳುತ್ತವೆ. ಪಠ್ಯಪುಸ್ತಕದ ಬುದ್ಧನನ್ನು ಬಲ್ಲವರಿಗೆ ಈ ಸ್ವಾತಂತ್ರ್ಯ ಮೊದಲು ಅಚ್ಚರಿ ತರುತ್ತದೆ; ಎರಡು ಸಂಪುಟ ಕಳೆಯುವಷ್ಟರಲ್ಲಿ ಆ ಜನಜಂಗುಳಿಯೇ ಕಥೆಯ ಬಲ ಎಂದು ಮನವರಿಕೆಯಾಗುತ್ತದೆ.

ಕೊಳ್ಳುವವರಿಗೆ ಒಂದಿಷ್ಟು ಮಾಹಿತಿ. ಆರನ್ನೂ ಇಂಗ್ಲಿಷ್ ಅನುವಾದದಲ್ಲಿ ಓದಬಹುದು. ‘ಬುದ್ಧ’ ಇಂಗ್ಲಿಷಿನಲ್ಲಿ ಎಂಟು ಸಂಪುಟ. ಅದನ್ನು ಹಾರ್ಪರ್‌ಕಾಲಿನ್ಸ್ ಭಾರತದಲ್ಲೂ ತಂದಿದೆ, ಚಿತ್ರಗಳನ್ನು ತಿರುಗಿಸಿ ಎಡದಿಂದ ಬಲಕ್ಕೆ ಓದುವಂತೆ ಮಾಡಿರುವುದರಿಂದ ಹೊಸಬರಿಗೆ ಅನುಕೂಲ. ಉಳಿದವನ್ನು ಜಪಾನಿ ಕ್ರಮದಂತೆ ಬಲದಿಂದ ಎಡಕ್ಕೆ ಓದಬೇಕು. ಒಂದು ಅಧ್ಯಾಯ ದಾಟಿದರೆ ಕಣ್ಣು ಒಗ್ಗುತ್ತದೆ. ‘ಮಾನ್‌ಸ್ಟರ್’ ಎರಡೆರಡು ಸಂಪುಟ ಸೇರಿಸಿದ ಒಂಬತ್ತು ಪುಸ್ತಕಗಳಾಗಿ, ‘ಫುಲ್‌ಮೆಟಲ್’ ಮೂರು ಮೂರು ಸೇರಿಸಿದ ಒಂಬತ್ತಾಗಿಯೂ ಬಂದಿವೆ. ಬಿಡಿ ಸಂಪುಟಗಳಿಗಿಂತ ಇವೇ ಅಗ್ಗ, ಕಪಾಟಿನಲ್ಲಿ ಜಾಗವೂ ಉಳಿಯುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಪುಸ್ತಕದಂಗಡಿಗಳಲ್ಲಿ ಮಾಂಗಾ ಸಿಗುತ್ತದೆ. ಮೊದಲ ಪುಸ್ತಕವನ್ನಷ್ಟೇ ಕೊಂಡು, ಹಿಡಿಸಿದರೆ ಮುಂದುವರಿಯುವುದು ಒಳ್ಳೆಯದು. ಒಂದನ್ನೇ ಆರಿಸಬೇಕೆನ್ನುವವರು ‘ಫುಲ್‌ಮೆಟಲ್’ನಿಂದ ಆರಂಭಿಸಲಿ. ಹದಿನಾಲ್ಕರ ಮಗನೂ ನಲವತ್ತರ ಅಪ್ಪನೂ ಒಟ್ಟಿಗೆ ಓದಬಹುದಾದ ಸರಣಿ ಈ ಪಟ್ಟಿಯಲ್ಲಿ ಅದೇ.

ಆರೂ ಮುಗಿದವರಿಗೆ ಏಳನೆಯದೊಂದು ಕಾದಿದೆ. ಮಕೊಟೊ ಯುಕಿಮುರಾ ಅವರ ‘ವಿನ್‌ಲ್ಯಾಂಡ್ ಸಾಗಾ’ 2005ರಲ್ಲಿ ವಾರಪತ್ರಿಕೆಯಲ್ಲಿ ಶುರುವಾಗಿ, ಆ ವೇಗ ತನ್ನ ಚಿತ್ರಗಳಿಗೆ ಒಗ್ಗದೆ ಮಾಸಪತ್ರಿಕೆಗೆ ಬಂದು, 2025ರಲ್ಲಿ ಪೂರ್ಣಗೊಂಡಿದೆ. ಅಪ್ಪನನ್ನು ಕೊಂದವನ ಮೇಲಿನ ಸೇಡಿಗಾಗಿಯೇ ಬದುಕುವ ವೈಕಿಂಗ್ ಹುಡುಗ ಥಾರ್ಫಿನ್ ಅದರ ನಾಯಕ. ಮೊದಲ ಸಂಪುಟಗಳ ಕತ್ತಿವರಸೆಗೆ ಮನಸೋತ ಹಲವರು ಅವನು ಜೀತದಾಳಾಗಿ ಹೊಲ ಉಳುವ ಭಾಗಕ್ಕೆ ಬಂದಾಗ ಬೇಸರಗೊಂಡು ಬಿಟ್ಟಿದ್ದಾರೆ. ಬಿಟ್ಟವರು ಆ ಹೊಲದಿಂದಲೇ ಮತ್ತೆ ಹಿಡಿಯಲಿ: ಕೊಲ್ಲುವುದನ್ನಷ್ಟೇ ಕಲಿತ ಕೈ ಗೋಧಿ ಬೆಳೆಯಲು ಕಲಿಯುವುದನ್ನು ಯುಕಿಮುರಾ ಅವಸರವಿಲ್ಲದೆ ತೋರಿಸುವುದು ಅಲ್ಲಿಯೇ, ಸರಣಿಯ ಉಳಿದದ್ದೆಲ್ಲ ನಿಂತಿರುವುದೂ ಅದರ ಮೇಲೆಯೇ.